ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಸೇರಲಾ? ಫಿಸಿಯೋಥೆರಪಿಯಲ್ಲಿ ಇರುವವರು ಹೇಳಿ

ರಾಣೆಬೆನ್ನೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಎಂಬಿಬಿಎಸ್ ಸೀಟು ಸಿಗುವಷ್ಟು ನೀಟ್ ಅಂಕ ಬರುವ ಹಾಗೆ ಕಾಣುತ್ತಿಲ್ಲ. ಅಜ್ಜಿಗೆ ಸ್ಟ್ರೋಕ್ ಆದಾಗ ಮನೆಗೆ ಬರುತ್ತಿದ್ದ ಫಿಸಿಯೋ ಮೇಡಂ ಕೆಲಸ ತುಂಬಾ ಇಷ್ಟವಾಯಿತು. ಅಪ್ಪ ಮಾತ್ರ "ಮಸಾಜ್ ಮಾಡೋಕೆ ಅಷ್ಟು ವರ್ಷ ಓದಬೇಕಾ?" ಅನ್ನುತ್ತಾರೆ. ನಿಜವಾಗಿ ಕೆಲಸ ಹೇಗಿರುತ್ತದೆ? ಸಂಬಳ?

ದಾವಣಗೆರೆ ಫಿಸಿಯೋ:
ಅಪ್ಪನ ಮಾತಿಗೆ ಬೇಜಾರು ಮಾಡ್ಕೋಬೇಡ ತಂಗಿ. ನಮ್ಮ ಮಾವನವರು ಈಗಲೂ ಹಾಗೇ ಅಂದುಕೊಂಡಿದ್ದಾರೆ. ಪೇಷೆಂಟುಗಳೂ ಅಷ್ಟೇ, ಒಳಗೆ ಬಂದವರೇ "ಕರೆಂಟ್ ಕೊಡಿ ಮೇಡಂ" ಅಂತ ಮಲಗಿಬಿಡುತ್ತಾರೆ. ಮೈಗೆ ಸಣ್ಣಗೆ ಕರೆಂಟ್ ಹರಿಸುವ ಐಎಫ್‌ಟಿ, ಟೆನ್ಸ್ ಮೆಷಿನ್‌ಗಳಿಂದ ನೋವು ಸ್ವಲ್ಪ ತಗ್ಗುತ್ತದೆ, ಸರಿ. ಆದರೆ ಸೋತ ಸ್ನಾಯುವಿಗೆ ಬಲ ಬರೋದು ವ್ಯಾಯಾಮದಿಂದ. ಅದನ್ನು ಮಾಡಿಸೋದೇ ನಮ್ಮ ಕೆಲಸ.

ಈಗ ನನ್ನ ಹತ್ತಿರ ಮಂಡಿ ಬದಲಿಸಿಕೊಂಡ ಒಬ್ಬರು ಬರುತ್ತಾರೆ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ನೋಡಿದರೆ ಮಂಡಿ 70 ಡಿಗ್ರಿ ಮಡಚುತ್ತದೆ ಅಷ್ಟೇ. ಕುರ್ಚಿಯಿಂದ ಸಲೀಸಾಗಿ ಏಳೋಕೆ 90 ದಾಟಬೇಕು. ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು "ಕೆಳಗೆ ಒತ್ತಿ, ಐದು ಎಣಿಸಿ" ಅಂದರೆ ಮೂರಕ್ಕೇ ಬಿಟ್ಟು ಸೊಸೆ ಸುದ್ದಿ ಶುರು ಮಾಡುತ್ತಾರೆ. ಸೊಸೆ ಸುದ್ದಿ ಕೇಳುತ್ತಲೇ ಹತ್ತು ಸಲ ಒತ್ತಿಸಬೇಕು!

ಸ್ಟ್ರೋಕ್ ಆದವರದ್ದು ತಿಂಗಳುಗಟ್ಟಲೆ ಹಿಡಿಯುತ್ತದೆ, ನಿಮ್ಮ ಮನೆಯಲ್ಲೇ ನೋಡಿದ್ದೀಯ. ಮನೆಯವರು ಸೋತ ಕೈ ಹಿಡಿದು ಎಳೆದು ಎಬ್ಬಿಸುತ್ತಾರೆ, ಭುಜದ ಕೀಲು ಜಾರುತ್ತದೆ. ಅವರಿಗೂ ನಾವೇ ಹೇಳಿಕೊಡಬೇಕು. ಐಸಿಯುನಲ್ಲಿ ಕಫ ಬಿಡಿಸೋದು, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈ ಹಿಡಿತ ತಪ್ಪುವುದು) ಇರುವ ಮಕ್ಕಳನ್ನು ಕೂರಿಸೋದು, ಇದೆಲ್ಲ ಮಸಾಜ್ ಲೆಕ್ಕಕ್ಕೆ ಬರುತ್ತಾ ಅಂತ ಅಪ್ಪನನ್ನ ಕೇಳು.

ಸಂಬಳದ ವಿಷಯ ಮುಚ್ಚಿಡಲ್ಲ. ಶುರುವಿನಲ್ಲಿ ಕಡಿಮೆ. ನಾನು ಸೇರಿದ್ದು 15 ಸಾವಿರಕ್ಕೆ, ಆಸ್ಪತ್ರೆಯ ಹೆಸರು ಬೇಡ ಬಿಡು. ಸಂಜೆ ಹೋಮ್ ವಿಸಿಟ್ ಶುರು ಮಾಡಿದ ಮೇಲೆ ಉಸಿರಾಡುವ ಹಾಗಾಯಿತು. ದಿನವಿಡೀ ನಿಂತು, ಭಾರದ ಮೈ ಎತ್ತಿ ಕೂರಿಸಿ ನಮ್ಮ ಸೊಂಟವೂ ಹಿಡಿಯುತ್ತದೆ, ಅದನ್ನೂ ತಿಳ್ಕೊಂಡಿರು.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:
ಹೊರದೇಶದ ಆಸೆ ಇದ್ದರೆ ಒಂದು ಮಾತು. ಇಲ್ಲಿ ಬ್ರಿಟನ್ನಿನಲ್ಲಿ ಎಚ್‌ಸಿಪಿಸಿ (ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ) ನೋಂದಣಿ ಆಗದೆ ಫಿಸಿಯೋ ಅಂತ ಕೆಲಸ ಮಾಡುವ ಹಾಗಿಲ್ಲ. ಅಮೆರಿಕಕ್ಕಾದರೆ ಎನ್‌ಪಿಟಿಇ ಅನ್ನೋ ಫಿಸಿಯೋ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು, ಅದಕ್ಕೂ ಮೊದಲು ನಮ್ಮ ಡಿಗ್ರಿ ಅಲ್ಲಿನದಕ್ಕೆ ಸಮ ಅಂತ ತೋರಿಸಬೇಕು. ಸಿಲಬಸ್, ಇಂಟರ್ನ್‌ಶಿಪ್ ಗಂಟೆಗಳ ದಾಖಲೆ ಎಲ್ಲ ಕೇಳುತ್ತಾರೆ. ಒಂದು ಕಾಗದವನ್ನೂ ಕಳ್ಕೋಬೇಡಿ.

ರಾಣೆಬೆನ್ನೂರು ಹುಡುಗಿ:
ಥ್ಯಾಂಕ್ಸ್ ಅಕ್ಕಾ, ಥ್ಯಾಂಕ್ಸ್ ಸರ್. ಕೋರ್ಸ್ ನಾಲ್ಕೂವರೆ ವರ್ಷವಾ, ಐದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಕಾಲೇಜು ಆರಿಸುವಾಗ ಏನು ನೋಡಲಿ?

ದಾವಣಗೆರೆ ಫಿಸಿಯೋ:
ಎರಡೂ ಸರಿ. ರಾಜೀವ್ ಗಾಂಧಿ ಆರೋಗ್ಯ ವಿವಿಯಲ್ಲಿ ನಾವು ಓದಿದ್ದು ನಾಲ್ಕು ವರ್ಷ, ಮೇಲೆ ಆರು ತಿಂಗಳು ಇಂಟರ್ನ್‌ಶಿಪ್. 2021ರ ಕೇಂದ್ರ ಕಾಯ್ದೆಯಿಂದ ಬಂದ ಅಲೈಡ್ ಹೆಲ್ತ್‌ಕೇರ್ ಆಯೋಗದ ಹೊಸ ಪಠ್ಯಕ್ರಮದಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು.

ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡ. ಸ್ವಂತ ಆಸ್ಪತ್ರೆ ಇದೆಯಾ, ಅಲ್ಲಿ ಹಾಸಿಗೆ ತುಂಬಿರುತ್ತಾ ನೋಡು. ಪೇಷೆಂಟೇ ಇಲ್ಲದ ಕಡೆ ಒಬ್ಬರ ಮೇಲೊಬ್ಬರು ಪ್ರಾಕ್ಟೀಸ್ ಮಾಡಿ ಹೊರಗೆ ಬರ್ತೀರ. ಸೇರುವ ಮೊದಲು ಯಾವುದಾದರೂ ದೊಡ್ಡ ಆಸ್ಪತ್ರೆಯ ಫಿಸಿಯೋ ವಿಭಾಗದಲ್ಲಿ ಕೇಳಿಕೊಂಡು ಎರಡು ದಿನ ಸುಮ್ನೆ ಕೂತು ನೋಡು. ಅಪ್ಪನನ್ನೂ ಕರ್ಕೊಂಡು ಹೋಗು. ಸೋಮವಾರ ಬೆಳಿಗ್ಗೆ ಒಪಿಡಿ ರಷ್ ಜಾಸ್ತಿ, ಯಾರೂ ಮಾತಾಡಿಸಲ್ಲ. ಮಧ್ಯಾಹ್ನ ಊಟದ ಮೇಲೆ ಹೋದರೆ ಒಳ್ಳೇದು.