ರನ್ನರ್ ಅಪ್ಸೋ, ರನ್ನರ್ಸ್ ಅಪ್ಪೋ?

ಮಳೆ ನಿಂತರೆ ಸಾಕು, ಉಡುಪಿ ಸುತ್ತಮುತ್ತ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳು ಶುರು. ನನ್ನ ಪ್ರಶ್ನೆ ಇರುವುದು ಟ್ರೋಫಿಯ ಬುಡಕ್ಕೆ ಅಂಟಿಸುವ ಸ್ಟಿಕ್ಕರ್ ಬಗ್ಗೆ. ಬೆಸ್ಟ್ ಅಟ್ಯಾಕರ್, ಆಲ್‌ರೌಂಡರ್, ವಿನ್ನರ್ಸ್, ಇವಕ್ಕೆಲ್ಲ ತಕರಾರಿಲ್ಲ. ಎರಡನೇ ಸ್ಥಾನಕ್ಕೆ ಬಂದಾಗ ಮಾತ್ರ ಒಂದೊಂದು ಯುವಕ ಮಂಡಲದ್ದು ಒಂದೊಂದು ದಾರಿ. ಒಬ್ಬರು 'ರನ್ನರ್ ಅಪ್ಸ್', ಇನ್ನೊಬ್ಬರು 'ರನ್ನರ್ಸ್ ಅಪ್', ಮತ್ತೊಬ್ಬರು ಸುಮ್ನೆ 'ರನ್ನರ್ಸ್'. ಮೈಕಿನಲ್ಲಿ ಕೇಳುವುದಂತೂ ಈ ಕೊನೆಯದೇ.

ನನಗೆ ತಿಳಿದಂತೆ ಬರವಣಿಗೆಯಲ್ಲಿ ಸರಿಯಾದದ್ದು 'ರನ್ನರ್ಸ್-ಅಪ್'. ಇಲ್ಲಿ ಹೆಸರುಪದ 'ರನ್ನರ್'. 'ಅಪ್' ಅದಕ್ಕೆ ಹಿಂದಿನಿಂದ ಅಂಟಿಕೊಂಡದ್ದು. ಬಹುವಚನದ 'ಸ್' ಹೆಸರುಪದಕ್ಕೇ ಸೇರಬೇಕು. 'ಸನ್ಸ್-ಇನ್-ಲಾ', 'ಪಾಸರ್ಸ್-ಬೈ' ಕೂಡ ಹೀಗೆಯೇ. ನಮಗೆ ಇದು ಎಡವಟ್ಟಾಗುವುದು ಸಹಜ. ಕನ್ನಡದಲ್ಲಿ ಮುಖ್ಯ ಪದ ಕೊನೆಗೆ ಬರುತ್ತದೆ, ಪ್ರತ್ಯಯವೂ ಅಲ್ಲೇ ಕೂರುತ್ತದೆ. ಕರಿ ಕುದುರೆಗಳು ಅನ್ನುತ್ತೇವೆ, ಕರಿಗಳು ಕುದುರೆ ಅನ್ನುವುದಿಲ್ಲ ಅಲ್ವಾ? ಹಾಗಂತ 'ಅಪ್' ಕಂಡಲ್ಲೆಲ್ಲ ಈ ಸೂತ್ರ ಹಾಕುವಂತಿಲ್ಲ. 'ಕ್ಲೋಸ್-ಅಪ್ಸ್', 'ಗ್ರೋನ್-ಅಪ್ಸ್' ಸರಿಯೇ, ಏಕೆಂದರೆ ಅಲ್ಲಿ ಮುಂದಿರುವುದು ಹೆಸರುಪದವಲ್ಲ.

ಇನ್ನೊಂದು ತೊಡಕಿದೆ. 'ರನ್ನರ್-ಅಪ್ಸ್ ಟ್ರೋಫಿ' ಎಂದು ಕಿವಿಗೆ ಬಿದ್ದರೆ ಅದು ತಪ್ಪೇ ಆಗಿರಬೇಕಿಲ್ಲ. ರನ್ನರ್-ಅಪ್‌ನ ಟ್ರೋಫಿ ಎಂಬ ಅರ್ಥದಲ್ಲಿ 'ಸ್' ಕೊನೆಗೇ ಬರುತ್ತದೆ. ಆದರೆ ಆಗ ಅಪಾಸ್ಟ್ರಫಿ ಇರಬೇಕು. ಸ್ಟಿಕ್ಕರ್ ಕತ್ತರಿಸುವ ಅಂಗಡಿಯಲ್ಲಿ ಅಪಾಸ್ಟ್ರಫಿಯನ್ನು ಕೇಳುವವರು ಯಾರು? 'ರನ್ನರ್ಸ್-ಅಪ್ ಟ್ರೋಫಿ' ಎಂದು ಬರೆದುಬಿಟ್ಟರೆ ಆ ರಗಳೆಯೇ ಇಲ್ಲ.

ಅಂದಹಾಗೆ ವಾಲಿಬಾಲಿಗೂ ಓಟಕ್ಕೂ ಏನು ಸಂಬಂಧ ಎಂದು ಕೇಳಬಹುದು. ಈ ಪದ ಬಂದದ್ದು ಇಂಗ್ಲೆಂಡಿನ ಬೇಟೆನಾಯಿಗಳ ಓಟದ ಪಂದ್ಯದಿಂದ. ಉಳಿದ ಓಟಗಳನ್ನೆಲ್ಲ ಗೆದ್ದು ಕೊನೆಯದರಲ್ಲಿ ಮಾತ್ರ ಸೋತ ನಾಯಿಗೆ ಹಾಗೆ ಹೇಳುತ್ತಿದ್ದರು.

ಮೂರನೇ ಬಹುಮಾನ ಇಟ್ಟಾಗ ಗೊಂದಲ ಇನ್ನೂ ಜಾಸ್ತಿ. ಎರಡನೇ ಸ್ಥಾನದ ಕಪ್ಪಿಗೆ 'ಸೆಕೆಂಡ್ ರನ್ನರ್-ಅಪ್' ಎಂದು ಅಂಟಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದು ಮೂರನೆಯವರಿಗೆ ಸಲ್ಲಬೇಕಾದದ್ದು. 1994ರ ಮಿಸ್ ಇಂಡಿಯಾದಲ್ಲಿ ಸುಶ್ಮಿತಾ ಸೇನ್ ಗೆದ್ದರು, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಫಸ್ಟ್ ರನ್ನರ್-ಅಪ್. ಅಂದರೆ ಎರಡನೇ ಸ್ಥಾನ. ಆಗ ಅವರು ಒಬ್ಬರೇ ಆದ್ದರಿಂದ 'ರನ್ನರ್' ಏಕವಚನ. ತಂಡವಾದರೆ ಬ್ರಿಟಿಷರ ರೂಢಿ ಬಹುವಚನದ ಕಡೆಗೆ, ನಮ್ಮಲ್ಲೂ ಅದೇ. ಅಮೆರಿಕದವರು ತಂಡವನ್ನೂ ಒಂದು ಎಂದೇ ಎಣಿಸಿ 'ರನ್ನರ್-ಅಪ್' ಅನ್ನುತ್ತಾರೆ.

ಕನ್ನಡದ ಪೋಸ್ಟರಿನಲ್ಲಿ ಈ ತಲೆಬಿಸಿಯೇ ಬೇಡ, 'ದ್ವಿತೀಯ' ಎಂದರೆ ಮುಗಿಯಿತು. ನನ್ನ ಅನುಮಾನ ಇರುವುದು ಪತ್ರಿಕೆಗೆ ಕಳಿಸುವ ವರದಿಯ ಬಗ್ಗೆ. 2010ರ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲ್‌ನಲ್ಲಿ ಕರ್ನಾಟಕ 6 ರನ್ನಿನಿಂದ ಮುಂಬೈಗೆ ಸೋತಿತಲ್ಲ, ಅಂಥದ್ದನ್ನು ಬರೆಯುವಾಗ 'ಕರ್ನಾಟಕ ರನ್ನರ್ಸ್-ಅಪ್ ಆಯಿತು' ಎಂದು ಇಂಗ್ಲಿಷಿನ ಬಹುವಚನವನ್ನು ಹಾಗೇ ಇಡಬೇಕೋ, 'ರನ್ನರ್-ಅಪ್ ಆಯಿತು' ಸಾಕೋ? ನನ್ನ ಒಲವು ಎರಡನೆಯದರ ಕಡೆಗೆ. ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ಇದ್ದರೆ ನಿಮ್ಮಲ್ಲಿನ ರೂಢಿ ತಿಳಿಸಿ.