ಸಂಜೆಯಾದರೆ ಒತ್ತಕ್ಷರ ಮಸುಕು, ಜೊತೆಗೆ ಕತ್ತು ನೋವು: ಏನು ಮಾಡಲಿ?

ಗದಗದ ಡಿಟಿಪಿ ಆಪರೇಟರ್:
ಮುದ್ರಣಾಲಯದಲ್ಲಿ ಪುಟ ಕಟ್ಟುವ ಕೆಲಸ ನನ್ನದು. ವಯಸ್ಸು 47. ಬೆಳಿಗ್ಗೆಯಿಂದ ರಾತ್ರಿಯವರೆಗೆ ಪರದೆಯ ಮುಂದೆಯೇ ಇರುತ್ತೇನೆ. ಸಂಜೆಯ ಹೊತ್ತಿಗೆ ಕಣ್ಣಿಗೆ ಮರಳು ಬಿದ್ದಂತೆ ಉರಿ. ‘ಷ್ಟ’ ಯಾವುದು, ‘ಷ್ಠ’ ಯಾವುದು ಎಂದು ತಿಳಿಯಲು ಪುಟವನ್ನು ಶೇ 200ಕ್ಕೆ ಹಿಗ್ಗಿಸಬೇಕು. ಚಾಳೀಸು ಬಂದ ಮೇಲೆ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡಿದ್ದೇನೆ. ಅಂದಿನಿಂದ ಕತ್ತಿನಲ್ಲಿ ಹುಟ್ಟಿದ ನೋವು ಹೆಗಲಿಗೆ ಇಳಿಯುತ್ತದೆ. ನಮ್ಮಲ್ಲಿ ಮಾನಿಟರ್ ಇರುವುದು ಸಿಪಿಯು ಮೇಲೆ. ಕನ್ನಡಕದ ಅಂಗಡಿಯವರು ನೀಲಿ ಬೆಳಕು ತಡೆಯುವ ಗಾಜು ಹಾಕಿಸಿ ಎನ್ನುತ್ತಾರೆ. ಹಾಕಿಸಲೇ? ಕೆಲಸ ಬಿಡಿ ಎಂದು ಮಾತ್ರ ಹೇಳಬೇಡಿ, ಅಕ್ಷರ ಜೋಡಿಸುವುದೆಂದರೆ ನನಗೆ ಪ್ರಾಣ.

ಶಿವಮೊಗ್ಗದ ದೃಷ್ಟಿ ಪರೀಕ್ಷಕಿ:
ಸರ್, ಮೊದಲು ಆ ಮಾನಿಟರನ್ನು ಕೆಳಗಿಳಿಸಿ. ಪ್ರೋಗ್ರೆಸಿವ್ ಗಾಜಿನಲ್ಲಿ ಹತ್ತಿರದ್ದನ್ನು ಓದುವ ಪವರ್ ಕೆಳಭಾಗದಲ್ಲಿರುತ್ತದೆ. ಪರದೆ ಎತ್ತರದಲ್ಲಿದ್ದರೆ ಗದ್ದ ಎತ್ತಿಯೇ ಓದಬೇಕು. ದಿನವಿಡೀ ಹಾಗೆ ಕುಳಿತರೆ ಕತ್ತು ನೋಯದೆ ಇರುತ್ತದೆಯೇ? ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಕಣ್ಣಿನಿಂದ ಪರದೆಗೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆದುಕೊಂಡು ಪರೀಕ್ಷೆಗೆ ಹೋಗಿ, ಆ ದೂರಕ್ಕೆಂದೇ ಇನ್ನೊಂದು ಕನ್ನಡಕ ಮಾಡಿಸಿ.

ಉರಿಗೆ ಕಾರಣ ಬೇರೆ. ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ರೆಪ್ಪೆ ಪರದೆ ನೋಡುವಾಗ ಐದಾರಕ್ಕೆ ಇಳಿಯುತ್ತದೆ, ಅದೂ ಪೂರ್ತಿ ಮುಚ್ಚುವುದಿಲ್ಲ, ಕಣ್ಣು ಒಣಗುತ್ತದೆ. ಫ್ಯಾನ್ ಗಾಳಿ ಮುಖಕ್ಕೆ ಬಡಿಯದಂತೆ ನೋಡಿಕೊಳ್ಳಿ. 20 ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರ ನೋಡಿ, ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ. ನೀಲಿ ಗಾಜಿಗೆ ದುಡ್ಡು ಹಾಕಬೇಡಿ; ಅದರಿಂದ ಕಣ್ಣಿನ ದಣಿವು ತಗ್ಗುತ್ತದೆ ಎನ್ನಲು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ವಿಮರ್ಶೆಗೂ ಆಧಾರ ಸಿಗಲಿಲ್ಲ. ಆದರೆ ಈ ವಯಸ್ಸಿನಲ್ಲಿ ಎಲ್ಲವನ್ನೂ ಪರದೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಕಣ್ಣಿನ ಒಳಗಿನ ಒತ್ತಡ, ರಕ್ತದ ಸಕ್ಕರೆ ಎರಡನ್ನೂ ಪರೀಕ್ಷಿಸಿಕೊಳ್ಳಿ, ದಯವಿಟ್ಟು ಮುಂದೂಡಬೇಡಿ.

ಲೆಸ್ಟರ್‌ನಲ್ಲಿರುವ ಕನ್ನಡಿಗ:
ಬ್ರಿಟನ್ನಿನಲ್ಲಿ 1992ರ ನಿಯಮವೊಂದಿದೆ. ದಿನವೂ ಪರದೆಯ ಮುಂದೆ ದುಡಿಯುವವರು ಕೇಳಿದರೆ ಕಣ್ಣಿನ ಪರೀಕ್ಷೆಯ ಖರ್ಚು ಮಾಲೀಕರದು. ಆ ಕೆಲಸಕ್ಕೆಂದೇ ಕನ್ನಡಕ ಬೇಕಾದರೆ ಅದೂ ಅವರದೇ. ನಿಮ್ಮ ಮಾಲೀಕರನ್ನು ಸಂಕೋಚವಿಲ್ಲದೆ ಕೇಳಿ.

ಗದಗದ ಡಿಟಿಪಿ ಆಪರೇಟರ್:
ಮೇಡಂ, ಮಾನಿಟರನ್ನು ಮೇಜಿಗೆ ಇಳಿಸಿದೆ. ದೂರ 62 ಸೆಂ.ಮೀ. ಇದೆ. ಕ್ಯಾಲೆಂಡರ್ ಕೆಲಸ ಮುಗಿದ ಕೂಡಲೇ ಮಾಲೀಕರನ್ನು ಕೇಳುತ್ತೇನೆ. ಇನ್ನೊಂದು ಸಂದೇಹ: ಹಸ್ತಪ್ರತಿ ಮೇಜಿನ ಮೇಲೆ ಮಲಗಿರುತ್ತದೆ, ಸಾಲುಸಾಲಿಗೂ ಬಗ್ಗಬೇಕು.

ಶಿವಮೊಗ್ಗದ ದೃಷ್ಟಿ ಪರೀಕ್ಷಕಿ:
ಅದನ್ನು ಪರದೆಯ ಪಕ್ಕದಲ್ಲೇ, ಅಷ್ಟೇ ದೂರದಲ್ಲಿ ನಿಲ್ಲಿಸಿ. ಆಗ ಹೊಸ ಕನ್ನಡಕ ಎರಡಕ್ಕೂ ಆಗುತ್ತದೆ.