ಮಗ ರಾತ್ರಿ ಹಲ್ಲು ಕಡಿಯುತ್ತಾನೆ, ಜಂತುಹುಳ ಇರಬಹುದಾ?

ಹಾಸನದ ಅಮ್ಮ

ಮಗನಿಗೆ ನಾಲ್ಕೂವರೆ ವರ್ಷ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು, ಅದಾಗಿ ಎರಡು ಮೂರು ವಾರಕ್ಕೆ ನಿದ್ದೆಯಲ್ಲಿ ಹಲ್ಲು ಕಡಿಯೋದು ಶುರುವಾಯಿತು. ಮಲಗಿ ಒಂದು ಗಂಟೆ ಆಗಿರುತ್ತದೆ, ಇದ್ದಕ್ಕಿದ್ದ ಹಾಗೆ ಕರಕರ ಅಂತ ಸದ್ದು, ಪಕ್ಕದ ರೂಮಿಗೂ ಕೇಳುತ್ತದೆ. ಮೊನ್ನೆ ಕೆನ್ನೆ ಮೇಲೆ ಕೈ ಇಟ್ಟು ನೋಡಿದರೆ ದವಡೆ ಕಲ್ಲಿನ ಹಾಗಿತ್ತು, ನನಗೆ ಅಳುವೇ ಬಂತು. ಬೆಳಿಗ್ಗೆ ಕೇಳಿದರೆ ಅವನಿಗೆ ಏನೂ ಗೊತ್ತಿಲ್ಲ.

ಹೊಟ್ಟೆಯಲ್ಲಿ ಜಂತುಹುಳ ಆಗಿದೆ, ಸಿಹಿ ಕೊಡಬೇಡ ಅಂತ ನಮ್ಮತ್ತೆ ಹೇಳುತ್ತಾರೆ. ಫೆಬ್ರವರಿಯಲ್ಲಿ ಅಂಗನವಾಡಿಯಲ್ಲಿ ಹುಳದ ಮಾತ್ರೆ ಕೊಟ್ಟಿದ್ದರು. ಮತ್ತೆ ಕೊಡಿಸಲಾ? ಮೇಲಿನ ಮುಂದಿನ ಎರಡು ಹಲ್ಲಿನ ತುದಿ ಸವೆದು ಸಮ ಆದ ಹಾಗೆ ಕಾಣುತ್ತದೆ. ಕಡಿಯುವಾಗ ಎಬ್ಬಿಸಬೇಕಾ?

ಮಕ್ಕಳ ಹಲ್ಲಿನ ಡಾಕ್ಟರ್, ಮೈಸೂರು

ಗಾಬರಿ ಬೇಡಮ್ಮ. ಈ ವಯಸ್ಸಿನ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಎಬ್ಬಿಸಬೇಡಿ, ನಿದ್ದೆ ಹಾಳಾಗುತ್ತದೆ ಅಷ್ಟೇ. ನಿದ್ದೆ ತಿಳಿಯಾಗುವ ಕ್ಷಣದಲ್ಲಿ ದವಡೆಯ ಸ್ನಾಯು ತಾನಾಗಿ ಬಿಗಿಯುತ್ತದೆ, ನೀವು ಮುಟ್ಟಿ ನೋಡಿದ್ದು ಅದನ್ನೇ. ಮಗು ಬೇಕು ಅಂತ ಮಾಡುತ್ತಿಲ್ಲ, ಹಾಗಾಗಿ ಬೈಯಲೂಬೇಡಿ.

ಹುಳಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಗಟ್ಟಿಯಾಗಿ ಸಾಬೀತಾಗಿಲ್ಲ. ಸಿಹಿ ತಿಂದರೆ ಹುಳ ಹುಟ್ಟೋದೂ ಇಲ್ಲ, ಮೊಟ್ಟೆ ಬರೋದು ಮಣ್ಣು, ಕೊಳಕು ಕೈ, ಉಗುರಿನ ಸಂದಿಯಿಂದ. ಸರ್ಕಾರದಿಂದ ಕೊಡುವ ಹುಳದ ಮಾತ್ರೆಯನ್ನು (ಆಲ್ಬೆಂಡಜೋಲ್) ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ತಪ್ಪಿಸಬೇಡಿ, ಎರಡು ವರ್ಷ ದಾಟಿದ ಮಕ್ಕಳಿಗೆ 400 ಮಿ.ಗ್ರಾಂ. ಆದರೆ ಹಲ್ಲು ಕಡಿದಾಗಲೆಲ್ಲಾ ಸುಮ್ನೆ ಅಂಗಡಿಯಿಂದ ತಂದು ನುಂಗಿಸಬೇಡಿ. ರಾತ್ರಿ ಗುದದ ಸುತ್ತ ತುರಿಕೆ ಇದ್ದರೆ ಮಾತ್ರ ಅದು ಬೇರೆ ವಿಷಯ, ಡಾಕ್ಟರಿಗೆ ಹೇಳಿ.

ಹಾಲುಹಲ್ಲಿನ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ತೆಳು, ಸವೆತ ಬೇಗ ಕಾಣುತ್ತದೆ. ಆರು ವರ್ಷದ ಸುಮಾರಿಗೆ ಶಾಶ್ವತ ಹಲ್ಲು ಬರಲು ಶುರು, ಆಮೇಲೆ ಹೆಚ್ಚಿನ ಮಕ್ಕಳಲ್ಲಿ ಈ ಅಭ್ಯಾಸ ನಿಧಾನಕ್ಕೆ ಬಿಟ್ಟುಹೋಗುತ್ತದೆ. ದವಡೆ ಬೆಳೆಯುತ್ತಾ ಇರೋದರಿಂದ ಇಷ್ಟು ಚಿಕ್ಕವರಿಗೆ ನಾವು ಸಾಮಾನ್ಯವಾಗಿ ಗಾರ್ಡ್ (ಹಲ್ಲು ಸವೆಯದ ಹಾಗೆ ರಾತ್ರಿ ಹಾಕುವ ಕವಚ) ಹಾಕುವುದಿಲ್ಲ. ತಣ್ಣಗಿನದು ಕುಡಿದರೆ ಜುಂ ಅನ್ನುತ್ತದೆ, ಬೆಳಿಗ್ಗೆ ದವಡೆ ನೋಯುತ್ತದೆ, ಹಲ್ಲಿನ ಚೂರು ಮುರಿದಿದೆ ಅಂದರೆ ತೋರಿಸಿ. ಒಂದು ಪ್ರಶ್ನೆ: ಬಾಯಿ ತೆರೆದು ಮಲಗುತ್ತಾನಾ? ಗೊರಕೆ ಇದೆಯಾ?

ಶಿರಸಿ ಅಕ್ಕ

ಡಾಕ್ಟರ್ ಕೊನೆಗೆ ಕೇಳಿದ್ದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ ತಂಗಿ. ನಮ್ಮ ಮಗಳದ್ದೂ ಇದೇ ಕಥೆ. ಒಂದೂವರೆ ವರ್ಷ ಬರೀ ಹುಳದ ಔಷಧಿ ಕೊಟ್ಟುಕೊಂಡೇ ಕೂತೆವು. ಅವಳು ತಲೆ ಹಿಂದಕ್ಕೆ ಚಾಚಿ, ಬಾಯಿ ತೆರೆದು ಮಲಗುತ್ತಿದ್ದಳು, ದಿಂಬಿನ ಮೇಲೆ ದಿನಾ ಜೊಲ್ಲಿನ ಕಲೆ, ಗೊರಕೆ ಹೊಡೆಯುತ್ತಾ ನಡುವೆ ಒಂದೊಂದು ಸಲ ಉಸಿರೇ ನಿಂತ ಹಾಗಾಗಿ ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಿದ್ದಳು. ಎಂಥ ಸುಸ್ತಪ್ಪ ಈ ಮಗುಗೆ ಅಂದುಕೊಳ್ಳುತ್ತಿದ್ದೆವು. ಕೊನೆಗೆ ಕಿವಿ ಮೂಗು ಗಂಟಲಿನ ಡಾಕ್ಟರ್ ನೋಡಿ, ಮೂಗಿನ ಹಿಂದೆ ಇರುವ ಅಡಿನಾಯ್ಡ್ ಅನ್ನೋ ಮೆತ್ತನೆಯ ಮಾಂಸದ ಗಂಟು ದೊಡ್ಡದಾಗಿದೆ ಅಂದರು. ಆಪರೇಷನ್ ಆಗಿ ಕೆಲವು ವಾರಕ್ಕೆ ಗೊರಕೆ ನಿಂತಿತು, ಹಲ್ಲು ಕಡಿಯೋದೂ ತುಂಬಾ ಕಮ್ಮಿಯಾಯಿತು. ಎಲ್ಲ ಮಕ್ಕಳಿಗೂ ಹೀಗೇ ಅಂತ ಅಲ್ಲ. ಆದರೆ ಇವತ್ತು ರಾತ್ರಿ ಅವನು ಮಲಗಿದ ಮೇಲೆ ಒಂದು ನಿಮಿಷ ಮೊಬೈಲಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸೋಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ತುಮಕೂರು ಅಪ್ಪ

ಶಾಲೆ ಶುರುವಾದ ಮೇಲೆ ಬಂತು ಅಂದಿರಿ ಅಲ್ವಾ? ನಮ್ಮವನಿಗೂ ತಂಗಿ ಹುಟ್ಟಿದಾಗ ಹೀಗೇ ಆಗಿತ್ತು. ಮಲಗೋಕೆ ಒಂದು ಗಂಟೆ ಮೊದಲೇ ಟಿವಿ, ಮೊಬೈಲ್ ಬಂದ್ ಮಾಡಿದೆವು. ನಾನೇ ಪಕ್ಕ ಮಲಗಿ ಬೆನ್ನು ಸವರುತ್ತಾ ಅವತ್ತು ಏನೇನಾಯಿತು ಅಂತ ಕೇಳುತ್ತಿದ್ದೆ. ನಾಲ್ಕು ತಿಂಗಳಲ್ಲಿ ತಾನೇ ಕಮ್ಮಿಯಾಯಿತು.

ಹಾಸನದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ನೋಡಿದೆ. ಗೊರಕೆ ಇಲ್ಲ, ಬಾಯಿ ಮುಚ್ಚಿಕೊಂಡೇ ಮಲಗಿದ್ದ. ಶಿರಸಿ ಅಕ್ಕ, ವೀಡಿಯೊನೂ ಮಾಡಿದ್ದೇನೆ. ಇವತ್ತು ಸ್ನಾನ ಮಾಡಿಸುವಾಗ ಶಾಲೆ ಹೇಗಿದೆ ಪುಟ್ಟ ಅಂತ ಕೇಳಿದರೆ, ಟಾಯ್ಲೆಟ್‌ಗೆ ಹೋಗಬೇಕು ಅಂತ ಮಿಸ್‌ಗೆ ಹೇಳೋಕೆ ಭಯ ಆಗುತ್ತದೆ, ತಡೆದುಕೊಂಡು ಕೂತಿರುತ್ತೇನೆ ಅಂದ. ನಾಳೆ ನಾನೇ ಹೋಗಿ ಟೀಚರ್ ಹತ್ತಿರ ಮಾತಾಡಿ ಬರುತ್ತೇನೆ. ಹಲ್ಲನ್ನು ಈ ಶನಿವಾರ ತೋರಿಸುತ್ತೇವೆ.